ಕೊರಳು ಕಳಿಸಿದ್ದು, ಮೂತ್ರಪಿಂಡ ತಿದ್ದಿದ್ದು

ಥೈರಾಯ್ಡ್ ಗ್ರಂಥಿಯ ತೆಳುವಾದ ಸೀಳೊಂದಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರು ಬೇಗ ಕಣ್ಣು ತೆಗೆಯುವುದಿಲ್ಲ. ಎಲ್ಲಿ ನೋಡಿದರೂ ದುಂಡು ದುಂಡಾದ ಕೋಶಕಗಳು. ಪ್ರತಿಯೊಂದರ ಅಂಚಿಗೂ ಒಂದೇ ಸಾಲಿನಲ್ಲಿ ಒತ್ತಾಗಿ ನಿಂತ ಜೀವಕೋಶಗಳು. ಒಳಗೆ ತುಂಬಿ ನಿಂತದ್ದು ತಿಳಿಗುಲಾಬಿ ಬಣ್ಣದ ಕೊಲಾಯ್ಡ್. ಅದರ ಬಹುಪಾಲು ಥೈರೊಗ್ಲೋಬ್ಯುಲಿನ್ ಎಂಬ ಪ್ರೋಟೀನು. ಹಾರ್ಮೋನು ಅದರ ಮೈಯಲ್ಲೇ ಕಟ್ಟಿಕೊಂಡು, ಕರೆ ಬರುವವರೆಗೆ ಅಲ್ಲೇ ಇರುತ್ತದೆ. ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ದಾಸ್ತಾನು, ಅದೂ ಜೀವಕೋಶಗಳ ಹೊರಗೆ. ದೇಹದ ಬೇರೆ ಯಾವ ಅಂತಃಸ್ರಾವಕ ಗ್ರಂಥಿಯೂ ಇಂಥ ಉಗ್ರಾಣ ಇಟ್ಟುಕೊಂಡಿಲ್ಲ. ಇಷ್ಟೆಲ್ಲ ಹೊತ್ತ ಗ್ರಂಥಿಯ ತೂಕ ಹೆಚ್ಚೆಂದರೆ 20–25 ಗ್ರಾಂ.

ಮೂತ್ರಪಿಂಡದ ಸೀಳಿನ ಚೆಲುವು ಬೇರೆ ಬಗೆಯದು. ಅಲ್ಲಿ ನಿಶ್ಚಲವಾಗಿ ತುಂಬಿ ನಿಂತದ್ದು ಏನೂ ಇಲ್ಲ, ಎಲ್ಲವೂ ಹರಿವಿಗಾಗಿ ಮಾಡಿದ್ದು. ಅತಿ ಸಣ್ಣ ರಕ್ತನಾಳಗಳು ಸುತ್ತಿ ಸುತ್ತಿ ಗೊಂಚಲಾಗಿವೆ, ಗೊಂಚಲಿನ ಸುತ್ತ ತೆಳುವಾದ ಬಟ್ಟಲು, ಬಟ್ಟಲಿನಿಂದ ಹೊರಟು ಅಂಕುಡೊಂಕಾಗಿ ಸಾಗುವ ನಳಿಕೆ. ಆ ಗೊಂಚಲುಗಳನ್ನು ಮೊದಲು ವರ್ಣಿಸಿದ್ದು ಇಟಲಿಯ ಮಾರ್ಸೆಲ್ಲೊ ಮಾಲ್ಪಿಘಿ, 1666ರಲ್ಲಿ. ಬಟ್ಟಲಿಗೂ ನಳಿಕೆಗೂ ಇರುವ ನಂಟನ್ನು ಖಚಿತವಾಗಿ ಬಿಡಿಸಿ ತೋರಿಸಿದ್ದು ಲಂಡನ್ನಿನ ವಿಲಿಯಂ ಬೋಮನ್, 1842ರಲ್ಲಿ. ಒಂದೊಂದು ಮೂತ್ರಪಿಂಡದಲ್ಲಿ ಇಂಥ ಸುಮಾರು ಹತ್ತು ಲಕ್ಷ ಘಟಕಗಳು. ಎರಡೂ ಸೇರಿ ದಿನಕ್ಕೆ ಸೋಸುವುದು ಹತ್ತಿರ ಹತ್ತಿರ 180 ಲೀಟರ್. ಹೊರಗೆ ಬಿಡುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ ನಳಿಕೆಯ ಗೋಡೆಯ ಮೂಲಕ ಹಿಂದಕ್ಕೆ ರಕ್ತಕ್ಕೆ.

ಇನ್ನೊಂದು ಸೀಳಿದೆ, ನೋಡಿದವರಿಗೆ ಗೊಂದಲ ಹುಟ್ಟಿಸುವಂಥದ್ದು. ಬಹುಕಾಲ ಸೋಂಕಿನಿಂದ ಬಳಲಿದ ಮೂತ್ರಪಿಂಡದಲ್ಲಿ ನಳಿಕೆಗಳು ಸೊರಗಿ ಹಿಗ್ಗುತ್ತವೆ, ಅವುಗಳೊಳಗೆ ಗುಲಾಬಿ ಬಣ್ಣದ ಪ್ರೋಟೀನು ಹೆಪ್ಪುಗಟ್ಟುತ್ತದೆ. ಆಗ ಆ ಭಾಗ ಅಚ್ಚು ಥೈರಾಯ್ಡ್‌ನಂತೆಯೇ ಕಾಣುತ್ತದೆ. ರೋಗಶಾಸ್ತ್ರಜ್ಞರು ಇದನ್ನು ಥೈರಾಯ್ಡೈಸೇಷನ್ ಎಂದೇ ಕರೆಯುತ್ತಾರೆ. ಇದು ಬರಿಯ ಕಣ್ಣಿನ ಹೋಲಿಕೆ. ಅಲ್ಲಿ ಹಾರ್ಮೋನೂ ಇಲ್ಲ, ಅಯೋಡಿನ್ನಿನ ಉಗ್ರಾಣವೂ ಇಲ್ಲ. ಆದರೆ ಕಣ್ಣಿಗೆ ಕಾಣದ ಕಡೆ ಈ ಎರಡು ಅಂಗಗಳ ನಡುವೆ ಕೊಡುಕೊಳ್ಳುವಿಕೆಯೊಂದು ನಡೆದಿದೆ, ಹಗಲಿರುಳೂ. ಶರೀರದ ಒಳಗೆ ನಡೆಯುವ ಕೆಲಸಗಳಲ್ಲಿ ಇಷ್ಟು ನಯವಾದದ್ದು ನನಗೆ ಹೆಚ್ಚು ಗೊತ್ತಿಲ್ಲ.

ಥೈರಾಯ್ಡ್ ರಕ್ತಕ್ಕೆ ಬಿಡುವ ಹಾರ್ಮೋನಿನಲ್ಲಿ ಹೆಚ್ಚಿನ ಪಾಲು ಥೈರಾಕ್ಸಿನ್, ಅಂದರೆ ಟಿ4. ಎರಡು ಇಂಗಾಲದ ಉಂಗುರಗಳು, ನಡುವೆ ಸೇತುವೆಯಾಗಿ ಒಂದು ಆಮ್ಲಜನಕ, ಉಂಗುರಕ್ಕೆ ಎರಡರಂತೆ ನಾಲ್ಕು ಅಯೋಡಿನ್ ಪರಮಾಣು. ಅಯೋಡಿನ್ ಎಷ್ಟು ಭಾರವೆಂದರೆ ಅಣುವಿನ ತೂಕದ ಮೂರನೇ ಎರಡು ಪಾಲು ಆ ನಾಲ್ಕು ಪರಮಾಣುಗಳದ್ದೇ. ಅಮೆರಿಕದ ಮಿನೆಸೋಟಾದಲ್ಲಿರುವ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಅದನ್ನು ಮೊದಲ ಬಾರಿ ಹರಳಾಗಿ ಬೇರ್ಪಡಿಸಿದ್ದು 1914ರ ಕ್ರಿಸ್‌ಮಸ್ ದಿನ. ಮುಂದೆ ಟನ್‌ಗಟ್ಟಲೆ ಹಂದಿಯ ಥೈರಾಯ್ಡ್ ಗ್ರಂಥಿಗಳನ್ನು ಅರೆದು ಸಂಸ್ಕರಿಸಿದಾಗ ಆತನ ಕೈಗೆ ಸಿಕ್ಕಿದ್ದು ಕೆಲವೇ ಹತ್ತು ಗ್ರಾಂ. ಅಣುವಿನ ಸರಿಯಾದ ಆಕಾರ ಗೊತ್ತಾಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. 1926ರಲ್ಲಿ ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ ಅದನ್ನು ಬಿಡಿಸಿದರು, ಮರುವರ್ಷ ಜಾರ್ಜ್ ಬಾರ್ಜರ್ ಜೊತೆಗೂಡಿ ಪ್ರಯೋಗಾಲಯದಲ್ಲೇ ಕಟ್ಟಿದರು.

ಎಲ್ಲರೂ ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದರು. 1952ರಲ್ಲಿ ಜ್ಯಾಕ್ ಗ್ರಾಸ್ ಮತ್ತು ರೊಸಲಿಂಡ್ ಪಿಟ್-ರಿವರ್ಸ್ ಇಬ್ಬರೂ ರಕ್ತದಲ್ಲಿ ಇನ್ನೊಂದು ಅಣುವನ್ನು ಗುರುತಿಸಿದರು. ಟಿ4ರಂಥದ್ದೇ, ಒಂದು ಅಯೋಡಿನ್ ಮಾತ್ರ ಕಡಿಮೆ. ಅದೇ ಟಿ3. ಜೀವಕೋಶದ ಕೇಂದ್ರಕಕ್ಕೆ ಹೋಗಿ ಅಲ್ಲಿನ ಗ್ರಾಹಕವನ್ನು ಹಿಡಿದು, ಈ ವಂಶವಾಹಿಯನ್ನು ಎಬ್ಬಿಸು, ಆ ವಂಶವಾಹಿಯನ್ನು ಮಲಗಿಸು ಎಂದು ಹೇಳುವ ಶಕ್ತಿ ಮುಖ್ಯವಾಗಿ ಇದಕ್ಕಿದೆ. ಟಿ4 ಕಾಯ್ದಿಟ್ಟ ಬಂಡವಾಳ, ಒಂದು ವಾರದ ಅರ್ಧಾಯುಸ್ಸು. ಟಿ3 ಕೈಗೆ ಬಂದ ನಗದು, ಸುಮಾರು ಒಂದು ದಿನ.

ಈಗ ರಸ ಇರುವ ಜಾಗ. ದೇಹದಲ್ಲಿ ದಿನವೂ ತಯಾರಾಗುವ ಟಿ3ರಲ್ಲಿ ಐದನೇ ಒಂದು ಪಾಲಷ್ಟೇ ನೇರವಾಗಿ ಥೈರಾಯ್ಡ್‌ನಿಂದ ಬರುವುದು. ಉಳಿದ ನಾಲ್ಕು ಪಾಲನ್ನು ಹೊರಗಿನ ಅಂಗಗಳು ಟಿ4ರಿಂದ ಒಂದು ಅಯೋಡಿನ್ ಕಿತ್ತು ಮಾಡಿಕೊಳ್ಳುತ್ತವೆ. ಆ ಕೆಲಸ ಮಾಡುವ ಕಿಣ್ವಕ್ಕೆ ಡಿಅಯೋಡಿನೇಸ್ ಎಂದು ಹೆಸರು. ಅದರ ಮೊದಲ ಬಗೆ ಹೇರಳವಾಗಿರುವುದು ಪಿತ್ತಜನಕಾಂಗದಲ್ಲಿ, ಮೂತ್ರಪಿಂಡದಲ್ಲಿ ಮತ್ತು ಸ್ವತಃ ಥೈರಾಯ್ಡ್‌ನಲ್ಲಿ. ಮೂತ್ರಪಿಂಡದಲ್ಲಿ ಅದರ ನೆಲೆ ನಳಿಕೆಯ ಮೊದಲ ತಿರುವು, ಸೋಸಿದ ನೀರಿನ ಹೆಚ್ಚಿನ ಭಾಗವನ್ನು ಹಿಂದಕ್ಕೆ ಎಳೆದುಕೊಳ್ಳುವ ದುಡಿಮೆಯ ಜಾಗ. ಅಂದರೆ ಕೊರಳಿನಿಂದ ಹೊರಟ ಮಾತನ್ನು ಮೂತ್ರಪಿಂಡ ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ. ತಿದ್ದಿ, ಹರಿತ ಮಾಡಿ, ತನಗೂ ಬಳಸಿಕೊಂಡು, ಮಿಕ್ಕವರಿಗೂ ಹಂಚುತ್ತದೆ.

ಯಾವ ಅಯೋಡಿನ್ನನ್ನು ಕೀಳಬೇಕು ಎನ್ನುವುದರಲ್ಲೂ ಒಂದು ಸೊಗಸಿದೆ. ಹೊರ ಉಂಗುರದ ಒಂದನ್ನು ತೆಗೆದರೆ ಟಿ3, ಬಲಶಾಲಿ. ಒಳ ಉಂಗುರದ್ದನ್ನು ತೆಗೆದರೆ ರಿವರ್ಸ್ ಟಿ3, ಕೆಲಸಕ್ಕೆ ಬಾರದ್ದು. ಅದೇ ಅಣು, ಅಷ್ಟೇ ತೂಕ, ಪರಮಾಣುಗಳ ಲೆಕ್ಕವೂ ಒಂದೇ. ಕೈ ಬಿದ್ದ ಜಾಗ ಬೇರೆಯಾದ್ದರಿಂದ ಒಂದು ಮಾತಾಯಿತು, ಇನ್ನೊಂದು ಮೌನವಾಯಿತು. ಉಪವಾಸ, ದೊಡ್ಡ ಕಾಯಿಲೆ, ಶಸ್ತ್ರಚಿಕಿತ್ಸೆ ಇವುಗಳ ಹೊತ್ತಿನಲ್ಲಿ ದೇಹ ಮೌನದ ಕಡೆಗೇ ವಾಲುತ್ತದೆ. ಇರುವ ಶಕ್ತಿಯನ್ನು ಉಳಿಸಿಕೊಳ್ಳುವ ವಿವೇಕ ಅದೆಂದು ಹಲವು ವೈದ್ಯರು ತಿಳಿಯುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಟಿ3 ಮೂತ್ರಪಿಂಡದಲ್ಲಿ ಏನು ಮಾಡುತ್ತದೆ? ನಳಿಕೆಯ ಜೀವಕೋಶಗಳ ಗೋಡೆಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಶಿಯಂ ಒಳಗೆ ಎಂದು ದುಡಿಯುವ ಪಂಪುಗಳಿವೆ. ಅವುಗಳ ಕೆಲಸವನ್ನು ಅದು ಹೆಚ್ಚಿಸುತ್ತದೆ. ಮೂತ್ರಪಿಂಡದ ಆಮ್ಲಜನಕದ ಖರ್ಚಿನ ಬಹುಭಾಗ ಈ ಪಂಪುಗಳಿಗೇ ಹೋಗುತ್ತದೆ. ರೆನಿನ್ ಎಂಬ ರಕ್ತದೊತ್ತಡದ ಕಿಣ್ವವನ್ನು ಟಿ3 ಹೆಚ್ಚಿಸುತ್ತದೆ. ಆದರೆ ಅದರ ದೊಡ್ಡ ಉಪಕಾರ ಮೂತ್ರಪಿಂಡದ ಹೊರಗೆ ನಡೆಯುವಂಥದ್ದು. ಹೃದಯ ಬಲವಾಗಿ ಬಡಿಯುವಂತೆ ನೋಡಿಕೊಳ್ಳುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ. ಹೃದಯ ಹೊರಹಾಕುವ ರಕ್ತದ ಐದನೇ ಒಂದು ಪಾಲಿಗಿಂತ ಕಡಿಮೆಯಿಲ್ಲದಂತೆ, ನಿಮಿಷಕ್ಕೆ ಒಂದು ಲೀಟರಿಗೂ ಮಿಗಿಲಾಗಿ, ಮೂತ್ರಪಿಂಡಗಳಿಗೆ ಹೋಗಬೇಕು. ಮುಷ್ಟಿಗಾತ್ರದ ಎರಡು ಅಂಗಗಳಿಗೆ ಅಷ್ಟು ರಕ್ತ. ಥೈರಾಯ್ಡ್ ಹಾರ್ಮೋನು ಬತ್ತಿದರೆ ಹೃದಯ ನಿಧಾನವಾಗುತ್ತದೆ, ನಾಳಗಳು ಬಿಗಿಯುತ್ತವೆ, ಗೊಂಚಲುಗಳಿಗೆ ಬರುವ ರಕ್ತ ಇಳಿಯುತ್ತದೆ, ಸೋಸುವ ವೇಗವೂ ಇಳಿಯುತ್ತದೆ. ಕೆರೆಯಲ್ಲಿ ನೀರಿನ ಮಟ್ಟ ತಗ್ಗಿದರೆ ತೂಬು ಗಟ್ಟಿಮುಟ್ಟಾಗಿದ್ದರೂ ಗದ್ದೆಗೆ ನೀರು ಹರಿಯದು. ಹಾಗೆಯೇ ಇಲ್ಲೂ ಸೋಸುವ ಜರಡಿ ಕೆಟ್ಟಿರುವುದಿಲ್ಲ, ಅದಕ್ಕೆ ಬರುವ ಒತ್ತಡ ತಗ್ಗಿರುತ್ತದೆ. ಮಟ್ಟ ಏರಿಸಿದರೆ ಹರಿವು ಮರಳುತ್ತದೆ. ಮೂತ್ರಪಿಂಡದ ಕಾಯಿಲೆಗಳಲ್ಲಿ ಇಂಥ ಮರಳುವಿಕೆ ಅಪರೂಪ. ಹೆಚ್ಚಿನವು ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡುವುದಿಲ್ಲ. ಹಾಗಾಗಿಯೇ ಇದನ್ನು ಗುರುತಿಸುವುದು ಇಷ್ಟು ಮುಖ್ಯ.

ನೀರಿನ ವಿಷಯದಲ್ಲೂ ಹೀಗೇ. ಥೈರಾಯ್ಡ್ ತೀರಾ ಸೋತವರಲ್ಲಿ ಕುಡಿದ ನೀರು ಬೇಗ ಹೊರಗೆ ಹೋಗುವುದಿಲ್ಲ, ರಕ್ತದ ಸೋಡಿಯಂ ತೆಳುವಾಗಿ ಲೀಟರಿಗೆ 135 ಮಿಲಿಮೋಲಿಗಿಂತ ಕೆಳಗೆ ಇಳಿಯಬಹುದು. ವಯಸ್ಸಾದವರು ಮಂಕಾಗಿ ಮಾತು ತಡವರಿಸುತ್ತಿದ್ದರೆ ವೈದ್ಯರು ಸೋಡಿಯಂ ನೋಡುವುದು, ಅದರ ಬೆನ್ನಿಗೇ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಕೇಳುವುದು ಇದಕ್ಕೇ. ಹಾರ್ಮೋನು ಉಕ್ಕಿದವರಲ್ಲಿ ಇದಕ್ಕೆ ವಿರುದ್ಧ: ರಕ್ತದ ಹರಿವು ಹೆಚ್ಚಿ, ಸೋಸುವ ವೇಗ ಐದನೇ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಏರುತ್ತದೆ.

ನಾನು ಹೆಚ್ಚು ಹೊತ್ತು ನಿಂತು ನೋಡಬಯಸುವುದು ಕ್ರಿಯಾಟಿನಿನ್ ಎಂಬ ಆ ಒಂದು ಅಂಕಿಯನ್ನು. ಪ್ರಯೋಗಾಲಯದ ವರದಿ ಕೈಗೆ ಬಂದ ಕೂಡಲೇ ಮನೆಮಂದಿಯ ಕಣ್ಣು ಹೋಗುವುದು ಅಲ್ಲಿಗೆ. 0.9 ಇತ್ತು, 1.4 ಆಗಿದೆ ಎಂದರೆ ಮನೆಯಲ್ಲಿ ಡಯಾಲಿಸಿಸ್ ಎಂಬ ಮಾತು ಓಡಾಡಲು ಶುರುವಾಗುತ್ತದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ, ಹೊರಗೆ ಹೋಗುವುದು ಮೂತ್ರಪಿಂಡದಿಂದ. ರಕ್ತದಲ್ಲಿ ಅದು ಏರಿದರೆ ಸೋಸುವಿಕೆ ತಗ್ಗಿರಬೇಕು ಎಂಬುದು ಸಾಮಾನ್ಯ ತರ್ಕ. ಥೈರಾಯ್ಡ್ ಸೋತಾಗ ಸೋಸುವಿಕೆ ನಿಜವಾಗಿಯೂ ತಗ್ಗುತ್ತದೆ, ಜೊತೆಗೆ ಸ್ನಾಯುಗಳೂ ನೋಯುತ್ತವೆ, ಅವುಗಳ ಕಿಣ್ವ ರಕ್ತಕ್ಕೆ ಸೋರುತ್ತದೆ. ಎರಡೂ ಸೇರಿ ಕ್ರಿಯಾಟಿನಿನ್ ಏರುತ್ತದೆ.

ಸಂಶಯ ಬಂದ ವೈದ್ಯರು ಇನ್ನೊಂದು ಸಾಕ್ಷಿಯನ್ನು ಕರೆಯುತ್ತಾರೆ: ಸಿಸ್ಟಾಟಿನ್ ಸಿ. ಇದು ಸ್ನಾಯುವಿಗೆ ಅಂಟಿಕೊಂಡದ್ದಲ್ಲ, ಕೇಂದ್ರಕವಿರುವ ಎಲ್ಲ ಜೀವಕೋಶಗಳೂ ತಯಾರಿಸುವ ಸಣ್ಣ ಪ್ರೋಟೀನು. ಸ್ನಾಯು ಕರಗಿದ ಮುದುಕರಲ್ಲಿ, ತೆಳ್ಳನೆಯವರಲ್ಲಿ ಕ್ರಿಯಾಟಿನಿನ್‌ಗಿಂತ ನಂಬಲರ್ಹ ಎಂದು ಹೆಸರು ಪಡೆದದ್ದು. ಥೈರಾಯ್ಡ್ ಕೆಟ್ಟವರಲ್ಲಿ ಮಾತ್ರ ಈ ನಂಬಿಗಸ್ತ ಸಾಕ್ಷಿಯ ಮಾತು ಉಲ್ಟಾ ಆಗುತ್ತದೆ. ಅದು ತಯಾರಾಗುವ ವೇಗವನ್ನೇ ಥೈರಾಯ್ಡ್ ಹಾರ್ಮೋನು ನಿರ್ಧರಿಸುತ್ತದೆ. ಹಾರ್ಮೋನು ಕಡಿಮೆಯಾದಾಗ ಸಿಸ್ಟಾಟಿನ್ ಕಡಿಮೆ ತಯಾರಾಗಿ, ಮೂತ್ರಪಿಂಡ ಬಲು ಚೆನ್ನಾಗಿದೆ ಎನ್ನುತ್ತದೆ. ಅದೇ ರಕ್ತದಲ್ಲಿ ಕ್ರಿಯಾಟಿನಿನ್ ಮೂತ್ರಪಿಂಡ ಸೋತಿದೆ ಎನ್ನುತ್ತದೆ. ಹಾರ್ಮೋನು ಹೆಚ್ಚಾದಾಗ ಇಬ್ಬರೂ ಜಾಗ ಬದಲಾಯಿಸಿಕೊಳ್ಳುತ್ತಾರೆ. ಸ್ನಾಯು ಸೊರಗಿ, ಸೋಸುವಿಕೆ ಹೆಚ್ಚಿ ಕ್ರಿಯಾಟಿನಿನ್ ಇಳಿದಿರುತ್ತದೆ, ಸಿಸ್ಟಾಟಿನ್ ಏರಿರುತ್ತದೆ. ಒಂದೇ ಸಿರಿಂಜಿನ ರಕ್ತದಲ್ಲಿ ಎರಡು ಎದುರುಬದುರು ಉತ್ತರ. ಕಾರಣ ಗೊತ್ತಿಲ್ಲದವರಿಗೆ ಇದು ಪ್ರಯೋಗಾಲಯದ ತಪ್ಪು. ಗೊತ್ತಿದ್ದವರಿಗೆ ಆ ಎರಡು ಅಂಕಿಗಳ ನಡುವಿನ ಬಿರುಕಿನಲ್ಲೇ ಥೈರಾಯ್ಡ್‌ನ ಮುಖ ಕಾಣುತ್ತದೆ. ಥೈರಾಕ್ಸಿನ್ ಮಾತ್ರೆ ಶುರುವಾದ ಮೇಲೆ ವಾರಗಳು ಕಳೆದಂತೆ ಇಬ್ಬರೂ ನಿಧಾನವಾಗಿ ಹತ್ತಿರ ಬಂದು ಒಂದೇ ಮಾತು ಹೇಳತೊಡಗುತ್ತಾರೆ. ವೈದ್ಯಶಾಸ್ತ್ರದಲ್ಲಿ ಬುದ್ಧಿಗೆ ಇಷ್ಟು ಹಿತ ಕೊಡುವ ದೃಶ್ಯಗಳು ಬೆರಳೆಣಿಕೆಯಷ್ಟು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಉಕ್ಕುವ ಥೈರಾಯ್ಡ್ ಕ್ರಿಯಾಟಿನಿನ್ನನ್ನು ಇಳಿಸಿಟ್ಟಿರುವಾಗ, ಮೊದಲೇ ಇದ್ದ ಮೂತ್ರಪಿಂಡದ ಕಾಯಿಲೆ ಅದರ ಹಿಂದೆ ಅಡಗಿ ಕೂರಬಹುದು. ಥೈರಾಯ್ಡ್‌ಗೆ ಔಷಧಿ ಕೊಟ್ಟು ಹದಕ್ಕೆ ತಂದಾಗ ಕ್ರಿಯಾಟಿನಿನ್ ಏರುತ್ತದೆ. ಔಷಧಿಯೇ ಮೂತ್ರಪಿಂಡ ಕೆಡಿಸಿತು ಎಂದು ರೋಗಿ ಹೆದರುತ್ತಾನೆ. ಎಷ್ಟೋ ಸಲ ಅಲ್ಲಿ ನಡೆದದ್ದು ಪರದೆ ಸರಿದದ್ದು ಮಾತ್ರ.

ಮರಳುವಿಕೆಯ ಮಾತು ಬಂದಾಗ ಇಂಗ್ಲೆಂಡಿನ ನ್ಯೂಕ್ಯಾಸಲ್ ನೆನಪಾಗುತ್ತದೆ. 1891ರಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು ಕುರಿಯ ಥೈರಾಯ್ಡ್ ಸಾರವನ್ನು ಥೈರಾಯ್ಡ್ ತೀರಾ ಸೋತಾಗ ಬರುವ ಮಿಕ್ಸೆಡಿಮಾದಿಂದ ಊದಿ ಜಡವಾಗಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿದರು. ಆಗಿನ್ನೂ ಹಾರ್ಮೋನು ಎಂಬ ಹೆಸರೇ ಹುಟ್ಟಿರಲಿಲ್ಲ. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿ, 1919ರಲ್ಲಿ 74ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬದುಕಿಗೆ ಬೇಕಾದ ಸಾರ ಬಂದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳಿಂದ. ಇಂದು ಅದೇ ಕೆಲಸಕ್ಕೆ ಮೈಕ್ರೊಗ್ರಾಂ ಲೆಕ್ಕದ, ಬೆರಳ ತುದಿಯಲ್ಲಿ ಮರೆಯಾಗುವ ಬಿಳಿ ಮಾತ್ರೆ.

ಈ ಎರಡು ಅಂಗಗಳ ನಂಟು ಹಾರ್ಮೋನು ಹುಟ್ಟುವುದಕ್ಕಿಂತ ಮೊದಲೇ ಆರಂಭವಾಗುತ್ತದೆ. ಭ್ರೂಣದಲ್ಲಿ ಥೈರಾಯ್ಡ್ ರೂಪುಗೊಳ್ಳಲು ಪ್ಯಾಕ್ಸ್8 ಎಂಬ ವಂಶವಾಹಿ ಬೇಕು. ಬೆಳೆಯುವ ಮೂತ್ರಪಿಂಡದಲ್ಲಿ ದುಡಿಯುವುದೂ ಅದೇ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಕ್ಕಳಲ್ಲಿ ಮೂತ್ರಪಿಂಡ, ಮೂತ್ರನಾಳಗಳ ರಚನೆಯ ದೋಷಗಳು ಬೇರೆ ಮಕ್ಕಳಿಗಿಂತ ಹೆಚ್ಚಾಗಿ ಕಾಣುತ್ತವೆ. ಎಲ್ಲಿಂದ ಬಂದ ಗಡ್ಡೆ ಎಂದು ತಿಳಿಯದಾಗ ರೋಗಶಾಸ್ತ್ರಜ್ಞರು ಪ್ಯಾಕ್ಸ್8 ಬಣ್ಣ ಹಾಕಿ ನೋಡುತ್ತಾರೆ. ಅದು ಹತ್ತಿದರೆ ಅವರ ಮನಸ್ಸಿಗೆ ಬರುವ ಕೆಲವೇ ಹೆಸರುಗಳಲ್ಲಿ ಥೈರಾಯ್ಡೂ ಮೂತ್ರಪಿಂಡವೂ ಒಟ್ಟಿಗೇ ಇರುತ್ತವೆ.

ಪೆಂಡ್ರಿನ್ ಎಂಬ ಪ್ರೋಟೀನಿನ ಕಥೆ ಇನ್ನೂ ಸವಿಯಾದದ್ದು. 1896ರಲ್ಲಿ ಇಂಗ್ಲೆಂಡಿನ ವೈದ್ಯ ವಾಘನ್ ಪೆಂಡ್ರೆಡ್ ಹುಟ್ಟುಕಿವುಡಿನ ಜೊತೆ ಗಳಗಂಡವೂ ಇದ್ದ ಅಕ್ಕತಂಗಿಯರ ಬಗ್ಗೆ ಬರೆದರು. ಕಿವಿಗೂ ಕೊರಳಿಗೂ ಏನು ಸಂಬಂಧ ಎಂಬ ಪ್ರಶ್ನೆ ನೂರು ವರ್ಷ ಹಾಗೇ ಉಳಿಯಿತು. 1997ರಲ್ಲಿ ವಂಶವಾಹಿ ಸಿಕ್ಕಿತು. ಅದು ಕಟ್ಟುವ ಪ್ರೋಟೀನು ಥೈರಾಯ್ಡ್‌ನಲ್ಲಿ ಅಯೋಡೈಡನ್ನು ಕೊಲಾಯ್ಡಿಗೆ ದಾಟಿಸುತ್ತದೆ, ಒಳಗಿವಿಯಲ್ಲಿ ದ್ರವದ ಹದ ಕಾಯುತ್ತದೆ. ಸ್ವಲ್ಪ ಕಾಲದ ನಂತರ ಅದು ಮೂತ್ರಪಿಂಡದ ಸಂಗ್ರಹ ನಾಳದಲ್ಲೂ ಕಂಡಿತು. ಅಲ್ಲಿ ಕ್ಲೋರೈಡನ್ನು ಒಳಕ್ಕೆ ಎಳೆದು ಬೈಕಾರ್ಬೊನೇಟನ್ನು ಹೊರಕ್ಕೆ ದೂಡಿ ರಕ್ತದ ಕ್ಷಾರವನ್ನು ಹದವಾಗಿಡುವುದು ಅದರ ಕೆಲಸ. ಒಂದೇ ಬಾಗಿಲನ್ನು ದೇಹ ಮೂರು ಮನೆಗಳಿಗೆ ಜೋಡಿಸಿದೆ.

ಇಷ್ಟರವರೆಗೆ ಕೊರಳಿನಿಂದ ಕೆಳಗೆ ಬಂದ ಹಾದಿ. ಕೆಳಗಿನಿಂದ ಮೇಲಕ್ಕೂ ಹಾದಿಯಿದೆ. ರಕ್ತದಲ್ಲಿರುವ ಟಿ4ರಲ್ಲಿ ಹತ್ತು ಸಾವಿರಕ್ಕೆ ಮೂರರಷ್ಟು ಪಾಲು ಮಾತ್ರ ಬಿಡಿಯಾಗಿ ಓಡಾಡುತ್ತದೆ, ಉಳಿದದ್ದು ವಾಹಕ ಪ್ರೋಟೀನುಗಳ ಹೆಗಲ ಮೇಲೆ. ನೆಫ್ರೊಟಿಕ್ ಸಿಂಡ್ರೋಮ್‌ನಲ್ಲಿ ಜರಡಿ ಹರಿದು ಪ್ರೋಟೀನು ಮೂತ್ರಕ್ಕೆ ಸೋರಿದಾಗ ಈ ವಾಹಕಗಳೂ ಹೋಗುತ್ತವೆ, ಅವುಗಳ ಮೇಲೆ ಕೂತ ಹಾರ್ಮೋನೂ ಹೋಗುತ್ತದೆ. ಆರೋಗ್ಯವಾಗಿರುವ ಥೈರಾಯ್ಡ್ ಇನ್ನಷ್ಟು ದುಡಿದು ತುಂಬಿಕೊಳ್ಳುತ್ತದೆ. ಮಾತ್ರೆಯನ್ನೇ ನಂಬಿದವರಿಗೆ ಮಾತ್ರೆಯ ಪ್ರಮಾಣ ಏರಿಸಬೇಕಾಗಬಹುದು. ದೀರ್ಘಕಾಲದ ಮೂತ್ರಪಿಂಡ ವೈಫಲ್ಯದಲ್ಲಿ ಟಿ3 ಇಳಿಯುವುದು ತೀರಾ ಸಾಮಾನ್ಯ. ಅಯೋಡಿನ್ ಕೀಳುವ ಕುಶಲ ಕೈಗಳೇ ಅಲ್ಲಿ ಸೋತಿರುತ್ತವೆ. ಟಿಎಸ್‌ಎಚ್ ಸರಿಯಿದ್ದು ಟಿ3 ಮಾತ್ರ ಇಳಿದಿದ್ದರೆ ಅಂಕಿಯನ್ನು ಸರಿಪಡಿಸಲೆಂದೇ ಹಾರ್ಮೋನು ಕೊಡುವ ಆತುರ ಒಳ್ಳೆಯದಲ್ಲ.

ಅಯೋಡಿನ್ನಿನ ಕೊನೆಯ ಲೆಕ್ಕ ಬರೆಯುವುದೂ ಮೂತ್ರಪಿಂಡವೇ. ನಾವು ತಿಂದ ಅಯೋಡಿನ್ನಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೊನೆಗೆ ಮೂತ್ರದಲ್ಲಿ ಹೊರಬರುತ್ತದೆ. ಆದ್ದರಿಂದ ಒಂದು ಊರಿನ ಜನ ಸಾಕಷ್ಟು ಅಯೋಡಿನ್ ತಿನ್ನುತ್ತಿದ್ದಾರೆಯೇ ಎಂದು ತಿಳಿಯಲು ಕೊರಳನ್ನು ಮುಟ್ಟಿ ನೋಡುವುದಕ್ಕಿಂತ ಶಾಲೆಯ ಮಕ್ಕಳ ಮೂತ್ರ ಪರೀಕ್ಷಿಸುವುದು ಚುರುಕಾದ ದಾರಿ. ಲೀಟರಿಗೆ 100ರಿಂದ 199 ಮೈಕ್ರೊಗ್ರಾಂ ಮಧ್ಯಾಂಕ ಬಂದರೆ ಊರು ಸುಸ್ಥಿತಿಯಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ನಮ್ಮ ದೇಶದಲ್ಲಿ ಈ ಅರಿವಿನ ದಾರಿ ತೆರೆದದ್ದು ಹಿಮಾಚಲದ ಕಾಂಗ್ಡಾ ಕಣಿವೆ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಅಲ್ಲಿನ ಹಳ್ಳಿಗಳಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇವತ್ತು ನಮ್ಮ ಸಾರಿಗೆ ಬೀಳುವ ಉಪ್ಪಿನ ಹಿಂದೆ ಆ ಕಣಿವೆಯ ಕೆಲಸವಿದೆ.

ಇದನ್ನು ಓದಿದವರಲ್ಲಿ ಒಂದೆರಡು ಬೇಡಿಕೆ. ಮನೆಯಲ್ಲಿ ಯಾರಿಗಾದರೂ ಕ್ರಿಯಾಟಿನಿನ್ ತುಸು ಏರಿದ್ದು ಕಾರಣ ತಿಳಿಯದಿದ್ದರೆ, ಅದರಲ್ಲೂ ಆಯಾಸ, ಚಳಿ ತಡೆಯದಿರುವುದು, ಮಲಬದ್ಧತೆ, ಮೈ ಊದಿದ ಹಾಗೆ ಅನ್ನಿಸುವುದು ಇದ್ದರೆ, ಟಿಎಸ್‌ಎಚ್ ನೋಡಿದ್ದೀರಾ ಎಂದು ವೈದ್ಯರನ್ನು ಕೇಳಿ. ಸಿಸ್ಟಾಟಿನ್ ಸಿ ಮಾಡಿಸುವ ಮೊದಲೇ ಕೇಳಿ. ಥೈರಾಕ್ಸಿನ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂತ್ರಪಿಂಡದ ಕಾಯಿಲೆಗೆಂದು ಕ್ಯಾಲ್ಸಿಯಂ, ಕಬ್ಬಿಣ ಅಥವಾ ರಂಜಕ ಕಟ್ಟುವ ಸೆವೆಲಮರ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅವುಗಳಿಗೂ ಥೈರಾಕ್ಸಿನ್‌ಗೂ ನಡುವೆ ನಾಲ್ಕು ತಾಸು ಬಿಡಿ. ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಹೀರಿಕೆಯಾಗದೆ ಹೋಗುತ್ತದೆ. ಟಿಎಸ್‌ಎಚ್‌ಗಾಗಿ ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ, ಕ್ರಿಯಾಟಿನಿನ್‌ಗೆ ತೆಗೆದ ರಕ್ತವೇ ಸಾಕು.